ಒಂದು ಸೀರೆ, ಹತ್ತು ವಿಳಾಸ: ಇಳಕಲ್ಲಿನಿಂದ ಬಂದ ಪ್ರಶ್ನೆಗೆ ಉತ್ತರ

ಪ್ರಶ್ನೆ: ನಮಸ್ಕಾರ ಸರ್. ನಮ್ಮದು ಇಳಕಲ್. ಅಪ್ಪ ಕೈಮಗ್ಗದ ಸೀರೆ ನೇಯಿಸಿ ಮಾರುತ್ತಾರೆ. ಎರಡು ವರ್ಷದಿಂದ ವೆಬ್‌ಸೈಟ್ ನಾನೇ ನೋಡಿಕೊಳ್ಳುತ್ತಿದ್ದೇನೆ. ಸೈಟ್ ನಡೆಸಲು ವರ್ಡ್‌ಪ್ರೆಸ್, ಅದರಲ್ಲಿ ಮಾರಾಟಕ್ಕೆ ವೂಕಾಮರ್ಸ್ ಬಳಸುತ್ತೇವೆ. ಇರುವುದು 180 ಸೀರೆ, ಕನ್ನಡ ಮತ್ತು ಇಂಗ್ಲಿಷ್ ಎರಡರಲ್ಲೂ ಪುಟ ಇದೆ. ಆದರೆ ಗೂಗಲ್ ಹುಡುಕಾಟದಲ್ಲಿ ನಮ್ಮ ಪುಟಗಳ ಸ್ಥಿತಿ ತಿಳಿಸುವ ಸರ್ಚ್ ಕನ್ಸೋಲ್ ತೆರೆದರೆ 1,900 ಪುಟ ಇಂಡೆಕ್ಸ್ ಆಗಿಲ್ಲ, ಅಂದರೆ ಗೂಗಲ್‌ನ ಪಟ್ಟಿಗೆ ಸೇರಿಲ್ಲ, ಅಂತ ತೋರಿಸುತ್ತದೆ. ಕೆಲವಕ್ಕೆ 'ನಕಲು ಪುಟ, ನೀವು ಹೇಳಿದ್ದನ್ನು ಬಿಟ್ಟು ಗೂಗಲ್ ಬೇರೆ ಕ್ಯಾನೊನಿಕಲ್ ಆರಿಸಿದೆ' ಅನ್ನುವ ಅರ್ಥದ ಸಂದೇಶ, ತುಂಬ ಪುಟಗಳಿಗೆ 'ಸರಿಯಾದ ಕ್ಯಾನೊನಿಕಲ್ ಟ್ಯಾಗ್ ಇರುವ ಪರ್ಯಾಯ ಪುಟ' ಅಂತ. ಪರಿಚಯದ ಒಬ್ಬರನ್ನು ಕೇಳಿದೆ. ನಕಲು ಪುಟ ಇದ್ದರೆ ಗೂಗಲ್ ದಂಡ ಹಾಕುತ್ತದೆ, ಎಲ್ಲ ಪುಟಕ್ಕೂ ಹೋಮ್ ಪೇಜಿನ ಕ್ಯಾನೊನಿಕಲ್ ಹಾಕಿಬಿಡೋಣ, 25 ಸಾವಿರ ಆಗುತ್ತದೆ ಅಂದರು. ಇನ್ನೊಂದು, ನಮ್ಮ ಸೀರೆಯ ವಿವರಣೆಯನ್ನೇ ಒಂದು ದೊಡ್ಡ ಮಾರಾಟದ ತಾಣದಲ್ಲೂ ಹಾಕಿದ್ದೇವೆ. ಸೈಟಿನ ವಿಳಾಸ ಕಳಿಸಿದ್ದೇನೆ. ಏನು ಮಾಡಲಿ?

ಉತ್ತರ: ಮೊದಲು ಆ 25 ಸಾವಿರ ನಿಮ್ಮ ಗಲ್ಲೆಯಲ್ಲೇ ಇರಲಿ. ಕ್ಯಾನೊನಿಕಲ್ ಅಂದರೆ ಒಂದೇ ತರಹದ ಹಲವು ಪುಟಗಳಲ್ಲಿ ಅಸಲಿ ವಿಳಾಸ ಇದು ಅಂತ ಗೂಗಲ್‌ಗೆ ಹೇಳುವ ಗುರುತು. ಎಲ್ಲ ಪುಟಕ್ಕೂ ಹೋಮ್ ಪೇಜಿನ ಕ್ಯಾನೊನಿಕಲ್ ಹಾಕುವುದು ಅಂದರೆ, ಅಂಗಡಿಯ 180 ಸೀರೆಯನ್ನೂ ಗೋದಾಮಿನಲ್ಲಿಟ್ಟು ಬೀಗ ಹಾಕಿ, ಹೊರಗೆ ಬೋರ್ಡು ಮಾತ್ರ ನೇತುಹಾಕಿದ ಹಾಗೆ.

ಇದನ್ನು ಇಷ್ಟು ಗಟ್ಟಿಯಾಗಿ ಹೇಳುವುದಕ್ಕೆ ಕಾರಣ ಇದೆ. ಈ ತಪ್ಪನ್ನು ನಾನೇ ಮಾಡಿದ್ದೇನೆ. ಕೆಲವು ವರ್ಷದ ಹಿಂದೆ ಬೆಳಗಾವಿಯ ಒಂದು ಸಿಹಿ ಅಂಗಡಿಗೆ ಸೈಟ್ ಮಾಡಿಕೊಟ್ಟಿದ್ದೆ. ಕುಂದಾ, ಕರದಂಟು, ಖಾರ, ಎಲ್ಲ ಸೇರಿ ನಲವತ್ತು ಪುಟ ಇರಬಹುದು. ಸೈಟಿನ ರೂಪ ನಿರ್ಧರಿಸುವ ಥೀಮಿನ ಹೆಡರ್ ಫೈಲಿನಲ್ಲಿ ಪರೀಕ್ಷೆಗೆ ಅಂತ ಹೋಮ್ ಪೇಜಿನ ವಿಳಾಸವನ್ನು ಕ್ಯಾನೊನಿಕಲ್ ಆಗಿ ಕೈಯಾರೆ ಬರೆದಿದ್ದೆ, ತೆಗೆಯುವುದು ಮರೆತೆ. ಹೆಡರ್ ಫೈಲು ಎಲ್ಲ ಪುಟಕ್ಕೂ ಒಂದೇ ಅಲ್ವಾ, ಹಾಗಾಗಿ ನಲವತ್ತು ಪುಟವೂ ಗೂಗಲ್‌ಗೆ 'ನಾನು ನಕಲು, ಅಸಲಿ ಅಂದರೆ ಹೋಮ್ ಪೇಜು' ಅಂತ ಹೇಳುತ್ತಾ ಕೂತವು. ಕೆಲವು ಪುಟಗಳ ಮಾತನ್ನು ಗೂಗಲ್ ನಂಬಲಿಲ್ಲ. ಕೆಲವನ್ನು ನಂಬಿಬಿಟ್ಟಿತು. ಅಂಗಡಿಯ ಯಜಮಾನರೇ ಫೋನ್ ಮಾಡಿದರು: "ಸರ, ಹುಡುಕಿದ್ರ ಅಂಗಡಿ ಸಿಗತೈತಿ, ಕುಂದಾ ಸಿಗವಲ್ದು." ಒಂದು ಸಾಲು ಅಳಿಸಿದೆ. ಪುಟಗಳು ವಾಪಸ್ ಬರುವುದಕ್ಕೆ ವಾರಗಟ್ಟಲೆ ಕಾಯಬೇಕಾಯಿತು. ಅಷ್ಟು ದಿನ ಆ ಕಡೆ ಹೋದಾಗ ಬೇರೆ ರಸ್ತೆ ಹಿಡಿಯುತ್ತಿದ್ದೆ.

ಈಗ ನಿಮ್ಮ ಸೈಟಿಗೆ ಬರೋಣ. ನೀವು ಕಳಿಸಿದ ವಿಳಾಸ ತೆರೆದು ಅರ್ಧ ಗಂಟೆ ಓಡಾಡಿದೆ. 1,900 ಅನ್ನುವ ಸಂಖ್ಯೆ ನೋಡಿ ಹೆದರಬೇಡಿ, ಅದು ಎಲ್ಲಿಂದ ಬಂತು ಅಂತ ಬೆರಳೆಣಿಸಿ ಹೇಳಬಹುದು. 180 ಸೀರೆ, ಎರಡು ಭಾಷೆ, ಅಲ್ಲಿಗೆ 360 ಪುಟ. ಇವು ಅಸಲಿ. ನಿಮ್ಮ ಸೈಟು ಮೂರು ಡಬ್ಲ್ಯೂ ಹಾಕಿದರೂ ತೆರೆಯುತ್ತದೆ, ಹಾಕದಿದ್ದರೂ ತೆರೆಯುತ್ತದೆ. ಆಗ 720. ಎಚ್‌ಟಿಟಿಪಿ ಅಂತ ಶುರುವಾಗುವ ಹಳೆಯ ವಿಳಾಸವೂ ಇನ್ನೂ ಜೀವಂತ ಇದೆ, ಸುರಕ್ಷಿತವಾದ ಎಚ್‌ಟಿಟಿಪಿಎಸ್‌ಗೆ ತಾನಾಗಿ ಹೋಗುವುದಿಲ್ಲ. ಆಗ 1,440. ಅಸಲಿ 360 ಕಳೆದರೆ 1,080 ನಕಲು ಇಲ್ಲೇ ಸಿಕ್ಕವು. ಉಳಿದ ಎಂಟುನೂರು ಚಿಲ್ಲರೆಯಲ್ಲಿ ಬಹುಪಾಲು 'ಬೆಲೆ ಕಡಿಮೆಯಿಂದ ಹೆಚ್ಚಿಗೆ', 'ಹೊಸದು ಮೊದಲು', 'ಕಾಟನ್ ಮಾತ್ರ', 'ರೇಷ್ಮೆ ಮಾತ್ರ' ಅನ್ನುವ ಫಿಲ್ಟರ್‌ಗಳು ಹುಟ್ಟಿಸಿದ ಪಟ್ಟಿಗಳು. ಜೊತೆಗೆ ಫೇಸ್‌ಬುಕ್ಕಿನಿಂದ ಬಂದವರ ಬೆನ್ನಿಗೆ ಅಂಟಿಕೊಂಡು ಬರುವ ಉದ್ದನೆಯ ಬಾಲ ಇರುವ ವಿಳಾಸಗಳು. ಅಂದರೆ ನಿಮ್ಮ ಅಂಗಡಿಯಲ್ಲಿ ಸೀರೆ ಜಾಸ್ತಿ ಆಗಿಲ್ಲ, ಬಾಗಿಲು ಜಾಸ್ತಿ ಆಗಿವೆ.

ನಮಗೆ ಇವೆಲ್ಲ ಒಂದೇ ಪುಟ. ಬಿಜಾಪುರ ಅನ್ನಿ, ವಿಜಾಪುರ ಅನ್ನಿ, ವಿಜಯಪುರ ಅನ್ನಿ, ಗೋಳಗುಮ್ಮಟದ ಊರು ಅಂತ ನಮಗೆ ಗೊತ್ತಾಗುತ್ತದೆ. 2014ರ ನವೆಂಬರ್ 1ಕ್ಕೆ ಸರ್ಕಾರ ಹನ್ನೆರಡು ಊರುಗಳ ಹೆಸರು ಬದಲಿಸಿತು. ಅವತ್ತಿನಿಂದ ಕಾಗದಪತ್ರದಲ್ಲಿ ವಿಜಯಪುರವೇ ಸರಿ, ಹಾಗಂತ ಬಿಜಾಪುರ ಅಂತ ಬರೆದ ಪತ್ರವನ್ನು ಅಂಚೆಯವನು ವಾಪಸ್ ಕಳಿಸುವುದಿಲ್ಲ. ಯಂತ್ರಕ್ಕೆ ಆ ರೂಢಿ ಇಲ್ಲ. ಅದರ ಲೆಕ್ಕದಲ್ಲಿ ವಿಳಾಸದ ಒಂದು ಅಕ್ಷರ ಬದಲಾದರೂ ಅದು ಬೇರೆ ಪುಟ. ಕೊನೆಯಲ್ಲಿ ಒಂದು ಓರೆಗೆರೆ ಇದ್ದರೆ ಒಂದು, ಇಲ್ಲದಿದ್ದರೆ ಇನ್ನೊಂದು. ದೊಡ್ಡ ಅಕ್ಷರ ಸಣ್ಣ ಅಕ್ಷರಕ್ಕೂ ವ್ಯತ್ಯಾಸ ಇದೆ. ಹಾಗಾಗಿ 'ಇವೆಲ್ಲ ಒಂದೇ, ಕಾಗದಪತ್ರದಲ್ಲಿ ಈ ಹೆಸರು ಬರೆದುಕೋ' ಅಂತ ಹೇಳುವುದಕ್ಕೆ ಒಂದು ದಾರಿ ಬೇಕಾಯಿತು. 2009ರ ಫೆಬ್ರವರಿಯಲ್ಲಿ ಗೂಗಲ್, ಯಾಹೂ, ಮೈಕ್ರೋಸಾಫ್ಟ್ ಮೂರೂ ಸೇರಿ ಒಪ್ಪಿಕೊಂಡು ತಂದದ್ದೇ ಈ ಕ್ಯಾನೊನಿಕಲ್ ಟ್ಯಾಗ್. ಬೇರೆ ವಿಷಯದಲ್ಲಿ ಮುಖ ನೋಡದವರು ಇದಕ್ಕೆ ಒಂದಾದರು ಅಂದರೆ ತಲೆನೋವು ಎಷ್ಟಿತ್ತು ಅಂತ ನೀವೇ ಊಹಿಸಿ.

ದಂಡದ ವಿಷಯ. ಇದು ಹಳೆಯ ಗುಮ್ಮ. ನಿಮ್ಮಂಥ ಸಾಮಾನ್ಯ ನಕಲು ಪುಟಗಳಿಗೆ ಶಿಕ್ಷೆ ಅಂತ ಏನೂ ಇಲ್ಲ ಅಂತ ಗೂಗಲ್ 2008ರಲ್ಲೇ ಬಿಡಿಸಿ ಹೇಳಿತ್ತು. ಬೇರೆಯವರ ಬರಹ ಕದ್ದು ಸಾವಿರ ಪುಟ ಮಾಡಿ ಮೋಸ ಮಾಡುವವರ ಕಥೆ ಬೇರೆ. ನಿಮ್ಮ ಸೈಟಿನಲ್ಲಿ ಆಗುವುದು ಇಷ್ಟು: ಒಂದೇ ತರಹದ ಪುಟಗಳನ್ನೆಲ್ಲ ಗೂಗಲ್ ಒಂದು ಗುಂಪು ಮಾಡುತ್ತದೆ, ಅದರಲ್ಲಿ ಒಂದನ್ನು ಮುಖ್ಯಸ್ಥನನ್ನಾಗಿ ಆರಿಸುತ್ತದೆ, ಹುಡುಕಾಟದಲ್ಲಿ ಸಾಮಾನ್ಯವಾಗಿ ಅದನ್ನೇ ತೋರಿಸುತ್ತದೆ. ಗುಂಪಿನ ಬೇರೆ ವಿಳಾಸಗಳಿಗೆ ಯಾರಾದರೂ ಲಿಂಕ್ ಕೊಟ್ಟಿದ್ದರೆ ಅದರ ಪುಣ್ಯವೂ ಮುಖ್ಯಸ್ಥನಿಗೇ ಸೇರುತ್ತದೆ. ನೀವು ಏನೂ ಹೇಳದಿದ್ದರೂ ಈ ಆಯ್ಕೆ ನಡೆಯುತ್ತದೆ. ಆಯ್ಕೆ ತಪ್ಪಾದರೆ ಮಾತ್ರ ತೊಂದರೆ. ಪುಣೆಯ ಗಿರಾಕಿ ಗಿರಿಕುಂಕುಮ ಬಣ್ಣದ ಸೀರೆ ಹುಡುಕಿದಾಗ ಹಳೆಯ ಎಚ್‌ಟಿಟಿಪಿ ಪುಟ ಬಂದು, ಬ್ರೌಸರ್ 'ಇದು ಸುರಕ್ಷಿತವಲ್ಲ' ಅಂದರೆ ಅವರು ದುಡ್ಡು ಕಟ್ಟುತ್ತಾರಾ? ನಿಮಗೆ ಆಗುತ್ತಿರುವ ನಷ್ಟ ಈ ತರಹದ್ದು.

ಟ್ಯಾಗ್ ಅಂದರೆ ಒಂದೇ ಒಂದು ಸಾಲು. ಪುಟದ ಮೂಲ ಕೋಡಿನಲ್ಲಿ ಹೆಡ್ ಅನ್ನುವ ಭಾಗ ಇರುತ್ತದೆ, ಗಿರಾಕಿಗೆ ಕಾಣಿಸುವುದಿಲ್ಲ. ಅಲ್ಲಿ ಲಿಂಕ್ ಅನ್ನುವ ಒಂದು ಟ್ಯಾಗ್ ಹಾಕಿ, ರೆಲ್ ಅನ್ನುವ ಕಡೆ ಕ್ಯಾನೊನಿಕಲ್ ಅಂತ ಬರೆದು, ಎಚ್‌ರೆಫ್ ಅನ್ನುವ ಕಡೆ ಅಸಲಿ ಪುಟದ ಪೂರ್ತಿ ವಿಳಾಸ ಕೊಡಬೇಕು. ಪೂರ್ತಿ ಅಂದರೆ ಎಚ್‌ಟಿಟಿಪಿಎಸ್‌ನಿಂದ ಹಿಡಿದು ಕೊನೆಯ ಓರೆಗೆರೆಯವರೆಗೆ. ಅರ್ಧ ವಿಳಾಸ ಕೊಟ್ಟರೂ ನಡೆಯುತ್ತದೆ ಅಂತ ಕೆಲವರು ಹೇಳುತ್ತಾರೆ. ನಡೆಯುತ್ತದೆ, ಎಡವುವ ತನಕ. ಪರೀಕ್ಷೆಗೆ ಇಟ್ಟ ಸೈಟಿನಲ್ಲಿ ಅರ್ಧ ವಿಳಾಸ ಇದ್ದರೆ ಅದು ಪರೀಕ್ಷೆಯ ಸೈಟನ್ನೇ ಅಸಲಿ ಅಂತ ತೋರಿಸುತ್ತದೆ. ಟ್ಯಾಗ್ ಹೆಡ್ಡಿನ ಹೊರಗೆ ಬಿದ್ದರೆ ಗೂಗಲ್ ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಇದರಲ್ಲಿ ಒಂದು ಮೋಸ ಇದೆ: ಹೆಡ್ಡಿನ ಒಳಗೆ ಇರಬಾರದ ಚಿತ್ರವನ್ನೋ, ಬೇರೆ ಪುಟವನ್ನು ಒಳಗೆ ತೋರಿಸುವ ಐಫ್ರೇಮನ್ನೋ ಯಾವುದಾದರೂ ಪ್ಲಗಿನ್ (ಸೈಟಿಗೆ ಸೇರಿಸಿಕೊಳ್ಳುವ ಪುಟ್ಟ ತಂತ್ರಾಂಶ) ತಂದು ಸೇರಿಸಿದರೆ, ಹೆಡ್ ಅಲ್ಲಿಗೇ ಮುಗಿಯಿತು ಅಂತ ಗೂಗಲ್ ತಿಳಿದುಕೊಳ್ಳುತ್ತದೆ. ಅದರ ಕೆಳಗೆ ಇರುವ ನಿಮ್ಮ ಟ್ಯಾಗ್ ಬೀದಿಗೆ ಬಿದ್ದ ಹಾಗೆ. ಆದಷ್ಟು ಮೇಲೆ ಇರಲಿ.

ನಿಮ್ಮಲ್ಲಿ ಸಿಕ್ಕ ದೊಡ್ಡ ತಪ್ಪು ಇಲ್ಲೇ ಇದೆ. ಪುಟದ ಮೇಲೆ ಮೌಸ್ ಬಲಗಡೆ ಒತ್ತಿ ಮೂಲ ಕೋಡ್ ತೆರೆದು, ಕ್ಯಾನೊನಿಕಲ್ ಅನ್ನುವ ಪದ ಹುಡುಕಿ. ಒಂದಲ್ಲ, ಎರಡು ಸಿಗುತ್ತವೆ. ಒಂದು ಎಸ್‌ಇಒ ಪ್ಲಗಿನ್, ಅಂದರೆ ಹುಡುಕಾಟದಲ್ಲಿ ಸೈಟು ಚೆನ್ನಾಗಿ ಕಾಣಲು ನೆರವಾಗುವ ಪ್ಲಗಿನ್, ಹಾಕಿದ್ದು, ಅದರ ಎಚ್‌ಟಿಟಿಪಿಎಸ್ ಸರಿಯಾಗಿದೆ. ಇನ್ನೊಂದನ್ನು ಥೀಮ್ ಮಾಡಿಕೊಟ್ಟವರು ಹೆಡರ್ ಫೈಲಿನಲ್ಲಿ ಹಾಕಿದ್ದಾರೆ, ಅದು ಎಚ್‌ಟಿಟಿಪಿ ವಿಳಾಸ ಹೇಳುತ್ತಿದೆ. ವರ್ಡ್‌ಪ್ರೆಸ್ 2009ರ ಕೊನೆಯಲ್ಲಿ ಬಂದ 2.9ನೇ ಆವೃತ್ತಿಯಿಂದಲೇ ಈ ಟ್ಯಾಗನ್ನು ತಾನಾಗಿ ಹಾಕುತ್ತದೆ. ಒಳ್ಳೆಯ ಎಸ್‌ಇಒ ಪ್ಲಗಿನ್‌ಗಳು ಅದನ್ನು ತೆಗೆದು ತಮ್ಮದನ್ನು ಹಾಕುತ್ತವೆ. ಥೀಮಿನಲ್ಲಿ ಕೈಯಾರೆ ಬರೆದದ್ದು ಮಾತ್ರ ಯಾರ ಕಣ್ಣಿಗೂ ಬೀಳದೆ ಉಳಿದುಬಿಡುತ್ತದೆ. ಎರಡು ಟ್ಯಾಗ್ ಎರಡು ಮಾತು ಹೇಳಿದರೆ ಗೂಗಲ್ ಎರಡನ್ನೂ ಪಕ್ಕಕ್ಕಿಟ್ಟು ತನ್ನ ಬುದ್ಧಿಗೆ ತೋಚಿದ್ದನ್ನು ಆರಿಸುತ್ತದೆ. 'ನೀವು ಹೇಳಿದ್ದನ್ನು ಬಿಟ್ಟು ಬೇರೆ ಆರಿಸಿದೆ' ಅನ್ನುವ ಸಂದೇಶ ನಿಮ್ಮಲ್ಲಿ ಬಹುಪಾಲು ಇದರಿಂದಲೇ ಬರುತ್ತಿದೆ ಅನ್ನುವುದು ನನ್ನ ಅಂದಾಜು.

ಇನ್ನೊಂದು ಮಾತು ತಲೆಯಲ್ಲಿ ಕೂರಬೇಕು. ಈ ಟ್ಯಾಗ್ ಬರೀ ವಿನಂತಿ. ಅದನ್ನು ನೋಡಿ ಗೂಗಲ್ 'ಆಯ್ತು ಸರ್' ಅಂತ ಕೈ ಕಟ್ಟಿ ನಿಲ್ಲುವುದಿಲ್ಲ. ಬೇರೆ ಸುಳಿವುಗಳನ್ನೂ ನೋಡುತ್ತದೆ. ಯಾವ ವಿಳಾಸದಿಂದ ಯಾವುದಕ್ಕೆ ರೀಡೈರೆಕ್ಟ್ (ತಾನಾಗಿ ಕಳಿಸುವ ವ್ಯವಸ್ಥೆ) ಇದೆ, ಸೈಟ್‌ಮ್ಯಾಪಿನಲ್ಲಿ, ಅಂದರೆ ಗೂಗಲ್‌ಗೆ ಕೊಡುವ ಪುಟಗಳ ಪಟ್ಟಿಯಲ್ಲಿ, ಯಾವ ವಿಳಾಸ ಬರೆದಿದ್ದೀರಿ, ನಿಮ್ಮದೇ ಮೆನುವಿನಲ್ಲಿ ಯಾವ ವಿಳಾಸಕ್ಕೆ ಲಿಂಕ್ ಕೊಟ್ಟಿದ್ದೀರಿ, ಎಚ್‌ಟಿಟಿಪಿಎಸ್ ಇದೆಯಾ, ಎಲ್ಲವನ್ನೂ ತೂಗುತ್ತದೆ. ಹೆಣ್ಣು ನೋಡಲು ಬಂದವರ ಎದುರು ಅಪ್ಪ ಒಂದು ವಯಸ್ಸು, ಸೋದರಮಾವ ಇನ್ನೊಂದು ವಯಸ್ಸು, ಅಜ್ಜಿ ಮೂರನೇ ವಯಸ್ಸು ಹೇಳಿದರೆ ಬಂದವರು ಯಾರ ಮಾತು ನಂಬುತ್ತಾರೆ? ತಾವೇ ಲೆಕ್ಕ ಹಾಕಿಕೊಳ್ಳುತ್ತಾರೆ. ನಿಮ್ಮ ಮನೆಯಲ್ಲೂ ಅದೇ ನಡೆದಿದೆ. ಪ್ಲಗಿನ್ ಎಚ್‌ಟಿಟಿಪಿಎಸ್ ಅನ್ನುತ್ತದೆ, ಥೀಮ್ ಎಚ್‌ಟಿಟಿಪಿ ಅನ್ನುತ್ತದೆ, ಮೆನುವಿನ ಲಿಂಕುಗಳು ಮೂರು ಡಬ್ಲ್ಯೂ ಹಾಕಿಕೊಂಡಿವೆ, ಸೈಟ್‌ಮ್ಯಾಪಿನಲ್ಲಿ ಡಬ್ಲ್ಯೂ ಇಲ್ಲ. ಮೊದಲು ಅಪ್ಪನ ಜೊತೆ ಕೂತು ಒಂದು ರೂಪ ನಿಶ್ಚಯ ಮಾಡಿ. ಡಬ್ಲ್ಯೂ ಬೇಕೋ ಬೇಡವೋ ಅನ್ನುವುದರಲ್ಲಿ ಲಾಭನಷ್ಟ ಇಲ್ಲ. ಅಂಗಡಿಯ ಚೀಲದ ಮೇಲೆ ಈಗಾಗಲೇ ಯಾವುದು ಅಚ್ಚಾಗಿದೆಯೋ ಅದೇ ಇರಲಿ.

ಹಾಗಾದರೆ ಎಲ್ಲಿ ರೀಡೈರೆಕ್ಟ್, ಎಲ್ಲಿ ಕ್ಯಾನೊನಿಕಲ್? ನಾನು ಕೇಳಿಕೊಳ್ಳುವ ಪ್ರಶ್ನೆ ಒಂದೇ: ಆ ವಿಳಾಸ ಗಿರಾಕಿಗೆ ಬೇಕಾ? ಹಳೆಯ ಎಚ್‌ಟಿಟಿಪಿ ಪುಟ ಯಾರಿಗೂ ಬೇಡ. ಡಬ್ಲ್ಯೂ ಇರುವ ಇಲ್ಲದ ಎರಡು ರೂಪ ಯಾರಿಗೂ ಬೇಡ. ಅಲ್ಲಿಗೆ 301 ರೀಡೈರೆಕ್ಟ್, ಅಂದರೆ 'ಅಂಗಡಿ ಕಾಯಮ್ಮಾಗಿ ಸ್ಥಳಾಂತರ ಆಗಿದೆ' ಅನ್ನುವ ಬೋರ್ಡು. ಅದು ಗಿರಾಕಿಯನ್ನೂ ಗೂಗಲನ್ನೂ ಇಬ್ಬರನ್ನೂ ಸರಿಯಾದ ಬಾಗಿಲಿಗೆ ಕರೆದುಕೊಂಡು ಹೋಗುತ್ತದೆ, ಟ್ಯಾಗಿಗಿಂತ ಮಾತು ಗಟ್ಟಿ. ನಿಮ್ಮ ಸೈಟಿಗೆ ಜಾಗ ಕೊಟ್ಟಿರುವ ಹೋಸ್ಟಿಂಗ್‌ನವರಿಗೆ ಒಂದು ಫೋನ್ ಮಾಡಿದರೆ ಸಾಮಾನ್ಯವಾಗಿ ಹತ್ತು ನಿಮಿಷದ ಕೆಲಸ. 1,080 ನಕಲು ಅಲ್ಲೇ ಇತ್ಯರ್ಥ. ಆದರೆ ಬೆಲೆಯ ಕ್ರಮದಲ್ಲಿ ಜೋಡಿಸಿದ ಪಟ್ಟಿ ಗಿರಾಕಿಗೆ ಬೇಕು. ನಮ್ಮ ಕಡೆ ಬೆಲೆ ನೋಡದೆ ಸೀರೆ ಮುಟ್ಟುವವರು ಯಾರಿದ್ದಾರೆ? ಅದನ್ನು ರೀಡೈರೆಕ್ಟ್ ಮಾಡಿದರೆ ಗುಂಡಿ ಒತ್ತಿದರೂ ಪಟ್ಟಿ ಬದಲಾಗುವುದಿಲ್ಲ, ಸೈಟು ಕೆಟ್ಟಿದೆ ಅಂದುಕೊಳ್ಳುತ್ತಾರೆ. ಅಲ್ಲಿ ಕ್ಯಾನೊನಿಕಲ್. ಪುಟ ತೆರೆದಿರಲಿ, ಆದರೆ ಅದರ ಹೆಡ್ಡಿನಲ್ಲಿ 'ನನ್ನ ಅಸಲಿ ರೂಪ ಬಾಲ ಇಲ್ಲದ ಆ ಪಟ್ಟಿ' ಅಂತ ಇರಲಿ. ಫೇಸ್‌ಬುಕ್ ಅಂಟಿಸುವ ಬಾಲ, ಜಾಹೀರಾತಿನ ಲೆಕ್ಕಕ್ಕೆ ನೀವೇ ಸೇರಿಸುವ ಬಾಲ, ಇವಕ್ಕೂ ಇದೇ ಮದ್ದು. ಪ್ರತಿ ಸೀರೆಯ ಪುಟ ತನ್ನ ಸ್ವಚ್ಛ ವಿಳಾಸವನ್ನೇ ತನ್ನ ಕ್ಯಾನೊನಿಕಲ್ ಅಂತ ಹೇಳಿಕೊಂಡರೆ ಸಾಕು, ಬಾಲ ಎಷ್ಟೇ ಉದ್ದ ಬೆಳೆದರೂ ಚಿಂತೆ ಇಲ್ಲ. ಮೊದಲು ಇಂಥ ಬಾಲಗಳನ್ನು ಕಡೆಗಣಿಸು ಅಂತ ಸರ್ಚ್ ಕನ್ಸೋಲ್‌ನಲ್ಲೇ ಹೇಳುವ ಒಂದು ಸಲಕರಣೆ ಇತ್ತು. 2022ರಲ್ಲಿ ಅದನ್ನು ತೆಗೆದರು. ಹಳೆಯ ವೀಡಿಯೊ ನೋಡಿ ಅದನ್ನು ಹುಡುಕುತ್ತಾ ಕೂರಬೇಡಿ.

ಈಗ ಬಣ್ಣದ ವಿಷಯ. ನೀವು ಕೇಳಿಲ್ಲ, ಆದರೆ ನಿಮ್ಮ ಧಂದೆಯಲ್ಲಿ ನಿಜವಾಗಿ ತಲೆ ಓಡಿಸಬೇಕಾದ ಜಾಗ ಇದೇ. ನಿಮ್ಮ ಸೈಟಿನಲ್ಲಿ ಒಂದೇ ವಿನ್ಯಾಸದ ಸೀರೆಗೆ ದಾಳಿಂಬೆ ಕೆಂಪು, ಗಿಳಿ ಹಸಿರು, ನವಿಲು ಹಸಿರು, ಕಪ್ಪು ಅಂತ ಬೇರೆ ಬೇರೆ ಪುಟ ಇವೆ. ಕೆಲವು ಕಡೆ ಒಂದೇ ಪುಟದಲ್ಲಿ ಬಣ್ಣ ಆರಿಸುವ ಚೌಕ ಇದೆ. ಚೌಕ ಒತ್ತಿದರೆ ವಿಳಾಸದ ಕೊನೆಗೆ ಬಣ್ಣದ ಹೆಸರು ಸೇರುವ ಪುಟಗಳಿಗೆ ಅನುಮಾನವೇ ಇಲ್ಲ, ಬಣ್ಣ ಇಲ್ಲದ ವಿಳಾಸವೇ ಕ್ಯಾನೊನಿಕಲ್. ಬೇರೆ ಬೇರೆ ಪುಟ ಮಾಡಿದ್ದೀರಲ್ಲ, ಅಲ್ಲಿ ಗಿರಾಕಿ ಏನಂತ ಹುಡುಕುತ್ತಾರೆ ಅಂತ ನೋಡಬೇಕು. ಗಿಳಿ ಹಸಿರಿಗೂ ನವಿಲು ಹಸಿರಿಗೂ ಅಕ್ಷರ ಅಕ್ಷರ ಅದೇ ವಿವರಣೆ, ಫೋಟೊ ಮಾತ್ರ ಬೇರೆ ಅಂದರೆ ಎರಡನ್ನೂ ಒಂದೇ ಪುಟಕ್ಕೆ ತನ್ನಿ. ಆದರೆ ಕಪ್ಪು ಬೇರೆ. ಸಂಕ್ರಾಂತಿ ಹತ್ತಿರ ಬಂದರೆ ಮಹಾರಾಷ್ಟ್ರದ ಕಡೆಯ ಹೆಣ್ಣುಮಕ್ಕಳು ಕಪ್ಪು ಸೀರೆಯನ್ನೇ ಹುಡುಕುತ್ತಾರೆ, ನಿಮ್ಮ ಅಪ್ಪನಿಗೆ ನನಗಿಂತ ಚೆನ್ನಾಗಿ ಗೊತ್ತಿರುತ್ತದೆ. ಗಿರಿಕುಂಕುಮವೂ ಹಾಗೇ, ಹೆಸರು ಹೇಳಿ ಕೇಳುವ ಬಣ್ಣ. ಇಂಥವಕ್ಕೆ ಸ್ವಂತ ಪುಟ ಇರಲಿ, ಸ್ವಂತ ನಾಲ್ಕು ಮಾತು ಇರಲಿ, ಕ್ಯಾನೊನಿಕಲ್ ತನ್ನ ಕಡೆಗೇ ತೋರಿಸಲಿ. ಬೇರೆ ಪುಟಕ್ಕೆ ತೋರಿಸಿದರೆ ಕಪ್ಪು ಸೀರೆ ಹುಡುಕಿ ಬಂದವರಿಗೆ ಅದು ಸಿಗುವುದೇ ಇಲ್ಲ.

ದಡಿಯ ವಿಷಯದಲ್ಲಂತೂ ಗೊಂದಲವೇ ಬೇಡ. ಚಿಕ್ಕಿ ದಡಿ ಬೇರೆ, ಗೋಮಿ ದಡಿ ಬೇರೆ, ಗಾಡಿ ದಡಿ ಬೇರೆ. ಇವು ಒಂದರ ನಕಲು ಇನ್ನೊಂದಲ್ಲ. ನಿಮ್ಮ ಸೈಟಿನಲ್ಲಿ ಯಾರೋ ಗೋಮಿ ದಡಿಯ ಆರು ಪುಟಗಳನ್ನು ಚಿಕ್ಕಿ ದಡಿಯ ಪುಟಕ್ಕೆ ಕ್ಯಾನೊನಿಕಲ್ ಮಾಡಿಟ್ಟಿದ್ದಾರೆ. ವಿವರಣೆ ಒಂದೇ ತರಹ ಇತ್ತು ಅಂತ ಮಾಡಿರಬಹುದು. ತಪ್ಪು ವಿವರಣೆಯದ್ದು. ಅದನ್ನು ತಿದ್ದಿ, ಟ್ಯಾಗನ್ನು ವಾಪಸ್ ಮಾಡಿ.

ಕನ್ನಡ ಇಂಗ್ಲಿಷ್ ಪುಟಗಳು. ಇಲ್ಲೊಂದು ದೊಡ್ಡ ಎಡವಟ್ಟು ಆಗಿದೆ. ನಿಮ್ಮ ಕನ್ನಡ ಪುಟಗಳ ಕ್ಯಾನೊನಿಕಲ್ ಎಲ್ಲವೂ ಇಂಗ್ಲಿಷ್ ಪುಟಕ್ಕೆ ತೋರಿಸುತ್ತಿವೆ. ಅಂದರೆ ಇಳಕಲ್ಲಿನವರೇ ಕೂತು, ಕನ್ನಡದ್ದು ನಕಲು, ಇಂಗ್ಲಿಷೇ ಅಸಲಿ ಅಂತ ಬರೆದುಕೊಟ್ಟ ಹಾಗಾಯಿತು! ಅನುವಾದ ನಕಲು ಅಲ್ಲ. ಕನ್ನಡ ಪುಟದ ಕ್ಯಾನೊನಿಕಲ್ ಕನ್ನಡ ಪುಟವೇ ಆಗಬೇಕು, ಇಂಗ್ಲಿಷಿನದ್ದು ಇಂಗ್ಲಿಷೇ. ಇವೆರಡೂ ಒಂದೇ ಸೀರೆಯ ಎರಡು ಭಾಷೆಯ ಪುಟ ಅಂತ ಹೇಳುವುದಕ್ಕೆ ಎಚ್‌ರೆಫ್‌ಲ್ಯಾಂಗ್ ಅನ್ನುವ ಬೇರೆ ಟ್ಯಾಗ್ ಇದೆ. ಅದನ್ನು ಎರಡೂ ಪುಟದಲ್ಲಿ ಹಾಕಬೇಕು. ಕನ್ನಡ ಪುಟ ಇಂಗ್ಲಿಷನ್ನು ತೋರಿಸಿ ಇಂಗ್ಲಿಷ್ ಪುಟ ಕನ್ನಡವನ್ನು ತೋರಿಸದಿದ್ದರೆ ಅದು ಒಂದು ಕೈ ಚಪ್ಪಾಳೆ, ಗೂಗಲ್ ಕಡೆಗಣಿಸುತ್ತದೆ. ನಿಮ್ಮ ಅನುವಾದದ ಪ್ಲಗಿನ್‌ನಲ್ಲಿ ಇದಕ್ಕೆ ಒಂದು ಸೆಟ್ಟಿಂಗ್ ಇರಬೇಕು, ನೋಡಿ.

ಆದರೆ ಒಂದು ಮಾತು, ಬೇಜಾರು ಮಾಡಿಕೊಳ್ಳಬೇಡಿ. ನಿಮ್ಮ ಕನ್ನಡ ಪುಟಗಳಲ್ಲಿ ಸುಮಾರು ಅರ್ಧ ಕನ್ನಡವೇ ಅಲ್ಲ. ಮೆನು ಕನ್ನಡ, 'ಖರೀದಿಸಿ' ಅನ್ನುವ ಗುಂಡಿ ಕನ್ನಡ, ಸೀರೆಯ ವಿವರಣೆ ಮಾತ್ರ ಇಂಗ್ಲಿಷೇ ಉಳಿದಿದೆ. ಇಂಥ ಪುಟವನ್ನು ಗೂಗಲ್ ಇಂಗ್ಲಿಷ್ ಪುಟದ ನಕಲು ಅಂತಲೇ ನೋಡುತ್ತದೆ. ಮುಖ್ಯ ಬರಹ ಅನುವಾದ ಆಗದೆ ಸುತ್ತಲಿನ ಅಂಚು ಮಾತ್ರ ಬದಲಾದರೆ ಅದನ್ನು ಬೇರೆ ಭಾಷೆಯ ಪುಟ ಅನ್ನಲಾಗದು. ಇಲ್ಲಿ ಟ್ಯಾಗ್ ಕೆಲಸ ಮಾಡುವುದಿಲ್ಲ, ನೀವು ಕೂತು ಬರೆಯಬೇಕು.

ಪಟ್ಟಿಯ ಎರಡನೇ ಪುಟ, ಮೂರನೇ ಪುಟಗಳನ್ನು ಮೊದಲ ಪುಟಕ್ಕೆ ಕ್ಯಾನೊನಿಕಲ್ ಮಾಡಬೇಡಿ. ಮೊದಲ ಪುಟದಲ್ಲಿ ಇರುವ ಸೀರೆಗಳೇ ಬೇರೆ, ಎರಡನೆಯದರಲ್ಲಿ ಇರುವವೇ ಬೇರೆ, ನಕಲು ಹೇಗಾಗುತ್ತದೆ? ಪ್ರತಿ ಪುಟವೂ ತನ್ನನ್ನೇ ತೋರಿಸಲಿ. ಹಿಂದಿನ ಪುಟ ಮುಂದಿನ ಪುಟ ಅಂತ ಹೇಳುವ ಟ್ಯಾಗುಗಳನ್ನು ಬಳಸುತ್ತಿಲ್ಲ ಅಂತ ಗೂಗಲ್ 2019ರಲ್ಲೇ ಹೇಳಿದೆ, ಅದರ ಚಿಂತೆ ಬಿಡಿ.

ಆ ನಿಮ್ಮ ಪರಿಚಯದವರು ನಕಲು ಪುಟಗಳನ್ನು ರೋಬೋಟ್ಸ್ ಫೈಲಿನಲ್ಲಿ, ಅಂದರೆ ಎಲ್ಲಿಗೆ ಬರಬೇಡ ಅಂತ ಗೂಗಲ್‌ಗೆ ಹೇಳುವ ಫೈಲಿನಲ್ಲಿ, ತಡೆಯೋಣ ಅಂತಲೂ ಹೇಳಬಹುದು. ತಡೆದರೆ ಗೂಗಲ್ ಆ ಪುಟದ ಒಳಗೇ ಬರುವುದಿಲ್ಲ, ಬಾರದಿದ್ದರೆ ಒಳಗಿರುವ ಕ್ಯಾನೊನಿಕಲ್ ಟ್ಯಾಗ್ ಓದುವುದಾದರೂ ಹೇಗೆ? ಬಾಗಿಲು ಹಾಕಿ ಒಳಗಿನ ಗೋಡೆಗೆ ಚೀಟಿ ಅಂಟಿಸಿದ ಹಾಗೆ. ಹುಡುಕಾಟದಲ್ಲಿ ತೋರಿಸಬೇಡ ಅನ್ನುವ ನೋಇಂಡೆಕ್ಸ್ ಮತ್ತು ಕ್ಯಾನೊನಿಕಲ್ ಎರಡನ್ನೂ ಒಂದೇ ಪುಟಕ್ಕೆ ಹಾಕುವುದೂ ಬೇಡ. ಒಂದು 'ನನ್ನನ್ನು ಬಿಟ್ಟುಬಿಡು' ಅನ್ನುತ್ತದೆ, ಇನ್ನೊಂದು 'ನನ್ನನ್ನು ಅವನ ಜೊತೆ ಸೇರಿಸು' ಅನ್ನುತ್ತದೆ. ಇನ್ನು ನಿಮ್ಮ ಕ್ಯಾಟಲಾಗಿನ ಪಿಡಿಎಫ್. ಪಿಡಿಎಫ್‌ಗೆ ಹೆಡ್ ಭಾಗ ಇಲ್ಲ, ಆದರೆ ಸರ್ವರ್ ಆ ಫೈಲಿನ ಜೊತೆ ಕಳಿಸುವ ಹೆಡರ್‌ನಲ್ಲಿ ಕ್ಯಾನೊನಿಕಲ್ ಹೇಳಬಹುದು, ಗೂಗಲ್ 2011ರಿಂದ ಅದನ್ನು ಒಪ್ಪುತ್ತದೆ. ಸದ್ಯಕ್ಕೆ ನಿಮಗೆ ಅದರ ಅಗತ್ಯ ಕಾಣಿಸುವುದಿಲ್ಲ.

ದೊಡ್ಡ ಮಾರಾಟದ ತಾಣದಲ್ಲಿ ನಿಮ್ಮದೇ ವಿವರಣೆ ಇರುವ ಪ್ರಶ್ನೆ. ಒಂದು ಸೈಟಿನಿಂದ ಇನ್ನೊಂದು ಸೈಟಿಗೆ ಕ್ಯಾನೊನಿಕಲ್ ತೋರಿಸಲು 2009ರ ಡಿಸೆಂಬರ್‌ನಿಂದ ಅವಕಾಶ ಇದೆ. ಆದರೆ ಟ್ಯಾಗ್ ಹಾಕಬೇಕಾದವರು ಅವರು. ಅವರ ಪುಟದ ಹೆಡ್ಡಿನಲ್ಲಿ ನಿಮ್ಮ ವಿಳಾಸ ಹಾಕಿ ಅಂತ ಕೇಳಿದರೆ ಏನು ಉತ್ತರ ಬರುತ್ತದೆ ಅಂತ ಇಬ್ಬರಿಗೂ ಗೊತ್ತು. ನೀವು ನಿಮ್ಮ ಪುಟದಿಂದ ಅವರ ಪುಟಕ್ಕೆ ತೋರಿಸುವುದಂತೂ ಬೇಡವೇ ಬೇಡ, ಅದು ಗಿರಾಕಿಯನ್ನು ಕೈ ಹಿಡಿದು ಎದುರು ಅಂಗಡಿಗೆ ಬಿಟ್ಟು ಬಂದಂತೆ. ಪಠ್ಯ ಒಂದೇ ಆದಾಗ ಅವರ ಪುಟ ಮೇಲೆ ಬರುವ ಸಾಧ್ಯತೆಯೇ ಜಾಸ್ತಿ.

ಹಾಗಾಗಿ ಪಠ್ಯ ಒಂದೇ ಇರಬಾರದು. ಆ ತಾಣಕ್ಕೆ ಚಿಕ್ಕದಾಗಿ ಬರೆಯಿರಿ: ಉದ್ದ, ಬಟ್ಟೆ, ಬಣ್ಣ, ತೊಳೆಯುವುದು ಹೇಗೆ. ನಿಮ್ಮ ಸೈಟಿನಲ್ಲಿ ನಿಮಗೆ ಮಾತ್ರ ಗೊತ್ತಿರುವುದನ್ನು ಬರೆಯಿರಿ. ಈಗ ಇರುವುದು ಏನು? 'ಸುಂದರ ಸಾಂಪ್ರದಾಯಿಕ ಇಳಕಲ್ ಸೀರೆ, ಹಬ್ಬಕ್ಕೆ ಸೂಕ್ತ.' 180 ಪುಟದಲ್ಲೂ ಇದೇ ಸಾಲು. ನೇಯುವ ಮನೆಯವರು ಬರೆಯುವ ಮಾತಾ ಇದು? ಮೈಯ ಹಾಸು ಬೇರೆ, ಸೆರಗಿನ ಹಾಸು ಬೇರೆ, ಎರಡನ್ನೂ ಕುಣಿಕೆ ಕುಣಿಕೆಯಾಗಿ ಸೇರಿಸುವ ಕೊಂಡಿಯ ಕೆಲಸ ಇಳಕಲ್ಲಿನ ಗುರುತು, ಅದರ ಬಗ್ಗೆ ಒಂದು ಸಾಲೂ ಇಲ್ಲ. ಸೆರಗಿನ ಮೇಲಿನ ವಿನ್ಯಾಸಗಳಲ್ಲಿ ತೋಪುತೆನೆ ಯಾವುದು, ಹಣಿಗೆ ಯಾವುದು, ಈ ಸೀರೆಯಲ್ಲಿ ಯಾವುದಿದೆ? ಇದು ಪೂರ್ತಿ ಹತ್ತಿಯಾ, ಹತ್ತಿ ರೇಷ್ಮೆಯ ಮಿಶ್ರಣವಾ, ಚಮಕಾ ಅನ್ನುವ ಕೃತಕ ರೇಷ್ಮೆಯಾ? ಮಗ್ಗದ ಮೇಲೆ ಎಷ್ಟು ದಿನ ಇತ್ತು? ಅಪ್ಪನ ಹತ್ತಿರ ಕೂತು ಅವರು ಗಿರಾಕಿಗೆ ಹೇಳುವ ಮಾತನ್ನೇ ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ, ಅದನ್ನೇ ಬರೆಯಿರಿ. ವಿವರಣೆ ಬೇರೆಯಾದ ದಿನ ಗೋಮಿ ಮತ್ತು ಚಿಕ್ಕಿ ಪುಟಗಳ ಗೊಂದಲವೂ ಹೋಗುತ್ತದೆ, ಕನ್ನಡ ಪುಟಗಳಿಗೂ ನಿಜವಾದ ಕನ್ನಡ ಬರುತ್ತದೆ.

ಕೊನೆಗೆ ಸರ್ಚ್ ಕನ್ಸೋಲ್. 'ಸರಿಯಾದ ಕ್ಯಾನೊನಿಕಲ್ ಟ್ಯಾಗ್ ಇರುವ ಪರ್ಯಾಯ ಪುಟ' ಅನ್ನುವುದು ದೂರಲ್ಲ, ಒಳ್ಳೆಯ ಸುದ್ದಿ. ಆ ಪುಟ ಅಸಲಿಯನ್ನು ತೋರಿಸಿದೆ, ಗೂಗಲ್ ಒಪ್ಪಿಕೊಂಡಿದೆ ಅಂತ ಅರ್ಥ. ಫಿಲ್ಟರ್ ಪುಟಗಳೆಲ್ಲ ಈ ಪಟ್ಟಿಗೆ ಸೇರಬೇಕು, ಸಂಖ್ಯೆ ಏರಿದರೆ ಏರಲಿ. ಆದರೆ ಕನ್ನಡ ಪುಟಗಳು ಈಗ ಇದೇ ಪಟ್ಟಿಯಲ್ಲಿ ಅಡಗಿ ಕೂತಿವೆ, ಟ್ಯಾಗ್ ತಿದ್ದಿದ ಮೇಲೆ ಅವು ಇಲ್ಲಿಂದ ಹೊರಬರುತ್ತವಾ ಅಂತ ಮಾತ್ರ ನೋಡಿ. 'ಬೇರೆ ಆರಿಸಿದೆ' ಅನ್ನುವ ಪಟ್ಟಿ ಇದೆಯಲ್ಲ, ಅದನ್ನು ತೆರೆದು ಐದಾರು ವಿಳಾಸ ಆರಿಸಿಕೊಳ್ಳಿ. ಮೇಲಿನ ತಪಾಸಣೆಯ ಪೆಟ್ಟಿಗೆಯಲ್ಲಿ ಹಾಕಿದರೆ ನೀವು ಹೇಳಿದ ಕ್ಯಾನೊನಿಕಲ್ ಯಾವುದು, ಗೂಗಲ್ ಆರಿಸಿದ್ದು ಯಾವುದು, ಎರಡನ್ನೂ ಹತ್ತಿರ ಹತ್ತಿರ ತೋರಿಸುತ್ತದೆ. ಎರಡೂ ಬೇರೆ ಇದ್ದರೆ ಯಾಕೆ ಅಂತ ಮೇಲೆ ಹೇಳಿದ್ದರಲ್ಲಿ ಹುಡುಕಿ. ತಿದ್ದಿದ ಮೇಲೆ ದಿನಾ ಬೆಳಗ್ಗೆ ಎದ್ದು ನೋಡಬೇಡಿ, ವಾರಗಳೇ ಹಿಡಿಯುತ್ತವೆ.

ಈ ಶನಿವಾರ ಮಾಡುವ ಕೆಲಸ: ಮೊದಲು ಬ್ಯಾಕಪ್. ಆಮೇಲೆ ಥೀಮಿನ ಹೆಡರ್ ಫೈಲಿನಲ್ಲಿರುವ ಆ ಸಾಲು ತೆಗೆಯಿರಿ, ಹೋಸ್ಟಿಂಗ್‌ನವರಿಂದ 301 ಮಾಡಿಸಿ, ಮೆನು ಮತ್ತು ಸೈಟ್‌ಮ್ಯಾಪಿನ ವಿಳಾಸಗಳನ್ನು ಒಂದೇ ರೂಪಕ್ಕೆ ತನ್ನಿ. ಕನ್ನಡ ಪುಟಗಳ ಸೆಟ್ಟಿಂಗ್ ಭಾನುವಾರಕ್ಕೆ ಇರಲಿ. ಹೆಡರ್ ಫೈಲ್ ಮುಟ್ಟಲು ಕೈ ನಡುಗಿದರೆ ಥೀಮ್ ಮಾಡಿಕೊಟ್ಟವರನ್ನೇ ಕೇಳಿ. ಒಂದು ಸಾಲು ಅಳಿಸಲು ಅವರೂ ದುಡ್ಡು ಕೇಳಿದರೆ ನನಗೆ ಬರೆಯಿರಿ.